ಅತ್ತಿಗೆಯ ಪಾಲಿನ ಅರ್ಧ ಸೇತುವೆ

ಹಳೆಯ ಕಾಲುವೆಗೆ ಅಡ್ಡಲಾಗಿ ಒಂದು ಪುಟ್ಟ ಮರದ ಸೇತುವೆ. ಅದರ ಈ ತುದಿಗೆ ನನ್ನ ಮನೆ, ಆ ತುದಿಗೆ ಅಣ್ಣನ ಮನೆ. ಸರಕಿನ ದೋಣಿಗಳು ಓಡಾಡುತ್ತಿದ್ದ ಕಾಲದಿಂದಲೂ ಇಲ್ಲೊಂದು ಕಟ್ಟಳೆ: ವರ್ಷಕ್ಕೊಮ್ಮೆ ಹಲಗೆಗಳಿಗೆ ಬಣ್ಣ ಹಚ್ಚಬೇಕು, ಅರ್ಧ ಅವರು, ಅರ್ಧ ನಾವು. ನಡುವಿನಿಂದ ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತಾ ತಂತಮ್ಮ ಬಾಗಿಲಿಗೆ ಬಂದು ಮುಗಿಸಬೇಕು. ಇಲ್ಲದಿದ್ದರೆ ಹಸಿ ಬಣ್ಣದಾಚೆ ಸಿಕ್ಕಿಹಾಕಿಕೊಳ್ಳುತ್ತೇವೆ. ಎಳೆಮಕ್ಕಳಿಗೂ ಗೊತ್ತಿರುವ ವಿಷಯ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, ನಮ್ಮಪ್ಪ ಕೈಯಾರೆ ಕಟ್ಟಿದ್ದ ದೋಣಿಯನ್ನು ನನಗೊಂದು ಮಾತೂ ಹೇಳದೆ ಯಾರಿಗೋ ಕೊಟ್ಟುಬಿಟ್ಟರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅವತ್ತೇ ಮಾತು ಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು, ಗೊತ್ತು. ಆದರೆ ಮೊದಲು ಬಾಯಿ ಬಿಡುವವರು ಯಾರು? ನಾನಂತೂ ಅಲ್ಲ! ಅವರ ಅಡುಗೆಮನೆಯ ದೀಪ ಹೊತ್ತಿತೋ ಇಲ್ಲವೋ ಎಂದು ದಿನಾ ಸಂಜೆ ಕಿಟಕಿಯಿಂದ ಇಣುಕುತ್ತಿದ್ದೆ, ಅದು ಬೇರೆ ಮಾತು. ಅಣ್ಣನ ಜೊತೆ ಅತ್ತಿಗೆಯನ್ನೂ ಕಳೆದುಕೊಂಡೆನಲ್ಲ ಎಂದು ಕೊರಗುತ್ತಿದ್ದೆ.

ಅಣ್ಣನಿಲ್ಲದೆ ಬಣ್ಣ ಹಚ್ಚುವುದು ಇದೇ ಮೊದಲು. ನಿನ್ನೆ ಬೆಳಿಗ್ಗೆ ಡಬ್ಬ, ಬ್ರಷ್ ಹಿಡಿದು ಹೊರಬಂದರೆ ಅತ್ತಿಗೆ ಆಗಲೇ ಬಗ್ಗಿ ಕೂತಿದ್ದಾರೆ. ಅದೂ ತಮ್ಮ ಹೊಸ್ತಿಲಿನಿಂದ ಶುರುಮಾಡಿ ನಡುವಿನ ಕಡೆಗೆ ಬರುತ್ತಿದ್ದಾರೆ! ಅಯ್ಯೋ ದೇವರೇ! ಕೂಗಿ ಹೇಳೋಣವೆಂದರೆ ಮಾತು ಬಿಟ್ಟಿದ್ದೇನಲ್ಲ. ಕೈಕಟ್ಟಿ ನೋಡುತ್ತಾ ನಿಂತೆ.

ತಮ್ಮ ಪಾಲಿನ ಕೊನೆಯ ಹಲಗೆ ಬಳಿದು ಅತ್ತಿಗೆ ಎದ್ದರು. ಹಿಂದೆ ಹಸಿ ಬಣ್ಣ. ಮುಂದೆ ಬಣ್ಣ ಕಾಣದ ನನ್ನ ಅರ್ಧ, ಅದರ ತುದಿಯಲ್ಲಿ ನಾನು. ಸೊಂಟ ಹಿಡಿದುಕೊಂಡು ಅಲ್ಲೇ ನಿಂತರೇ ಹೊರತು ನಾನು ಕರೆಯದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬಿಸಿಲು ಏರತೊಡಗಿತು. ನನಗೆ ತಡೆಯಲಾಗಲಿಲ್ಲ.

"ಬುದ್ಧಿಗಿದ್ಧಿ ಇದೆಯಾ ಅತ್ತಿಗೆ ನಿಮಗೆ? ಬಿಸಿಲಲ್ಲಿ ಕಂಬದ ಹಾಗೆ ನಿಂತಿದ್ದೀರಲ್ಲ! ಬನ್ನಿ ಈ ಕಡೆ!"

ಬಂದರು. ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟೆ. ಸುಮ್ಮನಿರಲಾರದೆ ದೋಣಿಯ ವಿಷಯವನ್ನೂ ಎತ್ತಿದೆ.

"ಅದನ್ನ ನೋಡಿದಾಗೆಲ್ಲ ಅವರೇ ಕಣ್ಮುಂದೆ ಬರೋರು ಕಣೇ, ತಡಕೊಳ್ಳೋಕಾಗ್ತಿರಲಿಲ್ಲ. ನಿನ್ನ ಒಂದು ಮಾತು ಕೇಳಬೇಕಿತ್ತು, ತಪ್ಪಾಯ್ತು," ಎಂದರು ಅತ್ತಿಗೆ.

ನನ್ನ ಕಣ್ಣೂ ತುಂಬಿ ಬಂತು. ಅದು ಕಾಣದಿರಲೆಂದು ಗದರಿದೆ: "ಅದಿರಲಿ, ನಡುವಿಂದ ಶುರುಮಾಡಬೇಕು ಅಂತ ಅಣ್ಣ ನಿಮಗೆ ಒಂದು ದಿನಾನೂ ಹೇಳಿರಲಿಲ್ವಾ?"

ಅತ್ತಿಗೆ ಲೋಟ ಖಾಲಿ ಮಾಡಿ ನನ್ನ ಮುಂದಿಟ್ಟರು.

"ಪ್ರತಿ ವರ್ಷ ಹೇಳೋರು. ಇನ್ನೊಂದು ಲೋಟ ಹಾಕು, ಬಣ್ಣ ಒಣಗೋಕೆ ಸಂಜೆ ಆಗುತ್ತೆ."