ಪಾಳಿ ಹಿಡಿದ ಎಡಗಾಲ ಚಪ್ಪಲಿ

ಒಂದಾನೊಂದು ಊರಿನಲ್ಲಿ ಒಂದು ದವಾಖಾನೆ, ದವಾಖಾನೆಗೊಂದು ಕಿಟಕಿ, ಕಿಟಕಿಯಾಚೆ ದಿನಾ ಬೆಳಿಗ್ಗೆ ರಕ್ತ ಕೇಳುವ ಒಂದು ಕೈ. ಅಜ್ಜಿಯ ಕಥೆಯಲ್ಲಾದರೆ ಅದು ರಕ್ಕಸಿಯ ಕೈಯಾಗುತ್ತಿತ್ತು. ಇಲ್ಲಿ ಅದು ರಬ್ಬರಿನ ಗವಸು ತೊಟ್ಟ, ದಣಿದ ಕೈ. ಕಿಟಕಿಯ ಈಚೆ, ನೆಲದ ಮೇಲೆ ನಾನು.

ನಾನು ಒಂದು ಎಡಗಾಲ ಚಪ್ಪಲಿ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಯಮನಪ್ಪ ಎಮ್ಮೆಯ ಚರ್ಮ ನೆನೆಸಿ, ಬಡಿದು, ನನ್ನನ್ನೂ ನನ್ನ ಜೋಡಿಯನ್ನೂ ಒಂದೇ ದಿನ ಹೊಲಿದ. ಮೊದಲು ಮೆಟ್ಟಿದವರು ಅಂಚೆಯ ಗುರುಪಾದಪ್ಪನವರು. ಆರು ವರ್ಷ ನಮ್ಮ ಮೇಲೆ ಊರು ಸುತ್ತಿ, ಆಮೇಲೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಫಕೀರವ್ವನಿಗೆ ಕೊಟ್ಟರು.

"ದೊಡ್ಡವು ಆಗ್ತಾವಲ್ಲಬೇ" ಎಂದಳು ಮಗಳು ಕಸ್ತೂರಿ.

"ಆಗ್ಲಿ ಬಿಡ. ಐವತ್ತೈದಾತು, ಇನ್ನ ಮುಂದ ಕಾಲು ಬೆಳೀತಾವ!" ಫಕೀರವ್ವ ನಕ್ಕು ಮೆಟ್ಟಿಕೊಂಡಳು.

ನನ್ನ ಪಟ್ಟಿ ಕಿತ್ತಾಗ ಯಮನಪ್ಪ ಒಂದು ಮೊಳೆ ಹೊಡೆದ. ಅಟ್ಟೆ ಸವೆದಂತೆ ಅದರ ಮೊನೆ ಮೇಲೆದ್ದು ಆಕೆಯ ಹೆಬ್ಬೆರಳಿಗೆ ಚುಚ್ಚತೊಡಗಿತು. ಚುಚ್ಚುವುದು ನನಗೆ ಗೊತ್ತಾಗುತ್ತಿತ್ತು, ಆಕೆಗೆ ಗೊತ್ತಾಗುತ್ತಿರಲಿಲ್ಲ.

"ಅವ್ವಾ, ಚಪ್ಪಲಿಗೆ ರಕ್ತ ಹತ್ತೇತಿ!"

"ಹೌದೇನ? ನನಗೇನ ನೋವಿಲ್ಲಲ್ಲವ್ವ."

ಗುರುವಾರಕ್ಕೊಮ್ಮೆ ಬರುವ ಡಾಕ್ಟರು ಬೆರಳು ನೋಡಿ ಮುಖ ಗಂಟಿಕ್ಕಿದರು. "ಸಕ್ಕರಿ ಕಾಯಿಲೆ ಇದ್ದಂಗದ, ಅದಕ್ಕ ಕಾಲಿಗೆ ನೋವು ತಿಳಿವಲ್ದು. ಖಾಲಿ ಹೊಟ್ಟಿಲೆ ರಕ್ತ ಕೊಟ್ಟು, ರಿಪೋರ್ಟ್ ತೊಗೊಂಡು ಮುಂದಿನ ಗುರುವಾರ ಬರ್ರಿ. ಈಗಾದ್ರ ಬೆರಳಿನಷ್ಟಕ್ಕ ಮುಗೀತದ. ತಡಾ ಮಾಡಿದ್ರ ಪಾದಾನೇ ಹೋದೀತು."

ಸೋಮವಾರ ಬಂದೆವು. ಆ ಕಿಟಕಿಯ ಮುಂದೆ ಸಾಲು ನಿಲ್ಲುವುದು ಮನುಷ್ಯರಲ್ಲ. ಚಪ್ಪಲಿ, ಕೈಚೀಲ, ನೀರಿನ ಬಾಟಲಿ. ನಿಲ್ಲಲಾರದ ಜನ ನಮ್ಮನ್ನು ಸಾಲಿಗಿಟ್ಟು ಗೋಡೆಗೆ ಒರಗುತ್ತಾರೆ. ಜೋಡಿ ಇಟ್ಟರೆ ಕದಿಯುತ್ತಾರೆಂದು ಫಕೀರವ್ವ ನನ್ನೊಂದನ್ನೇ ಇಟ್ಟಳು. ಹೇಗೂ ಬಟ್ಟೆ ಸುತ್ತಿದ ಎಡಗಾಲು ನನ್ನೊಳಗೆ ಹಿಡಿಸುತ್ತಿರಲಿಲ್ಲ.

"ನನ್ನ ರಕ್ತಾ ತಗಿಯೂತನಕ ಇಲ್ಲಿಂದ ಅಲಗಬ್ಯಾಡ ನೋಡು" ಎಂದು ನನಗೇ ಹೇಳಿದಳು. ನಾನು ಮನಸ್ಸಿನಲ್ಲೇ ಮಾತು ಕೊಟ್ಟೆ.

ನಾಲ್ಕು ತಾಸು ಕಾದ ಮೇಲೆ ಪಾಳಿ ಬಂತು. ಕಿಟಕಿಯ ಸಿಸ್ಟರು ಕೇಳಿದರು: "ಏನೂ ತಿಂದಿಲ್ಲಲ್ಲ?"

"ಇಲ್ರಿ, ಶಿವರಾತ್ರಿಗತೆ ಕಟ್ಟುನಿಟ್ಟಾಗಿ ಇದ್ದೀನಿ. ಬರೇ ಸಾಬೂದಾನಿ, ಎರಡ ಬಾಳಿಹಣ್ಣು."

ಗೋಡೆಗೆ ಒರಗಿದವರೆಲ್ಲ ನಕ್ಕರು. ಸಿಸ್ಟರು ನಗಲಿಲ್ಲ. "ನೀರು ಬಿಟ್ರ ಏನೂ ನಡಿಯಂಗಿಲ್ಲವ್ವ. ನಾಳೆ ಬರ್ರಿ."

"ಅಷ್ಟು ಹಣ್ಣು ತಿಂದಿಲ್ಲ ಅಂದಿದ್ರ ಆಗ್ತಿತ್ತಲ್ಲಬೇ" ಎಂದಳು ಕಸ್ತೂರಿ.

"ಉಪಾಸ ಇದ್ದ ಬಾಯಿಲೆ ಸುಳ್ಳು ಹೇಳ್ಲೇನ?"

ಮಂಗಳವಾರ ನಾನು ಒಂಬತ್ತನೆಯದಾಗಿದ್ದೆ. ನೆಲ ಒರೆಸುವ ಹುಸೇನಬಿ ನಮ್ಮನ್ನೆಲ್ಲ ಕಸಬರಿಗೆಯಿಂದ ಮೂಲೆಗೆ ಗುಡಿಸಿ ರಾಶಿ ಹಾಕಿದಳು. ಆಮೇಲೆ ಯಾರು ಮುಂದೆ, ಯಾರು ಹಿಂದೆ ಎಂದು ದೊಡ್ಡ ಜಗಳ. ಗಟ್ಟಿ ದನಿಯವರು ಮುಂದಾದರು. ಫಕೀರವ್ವ ಬಾಯಿ ಒಣಗಿ ಕೂತಿದ್ದಳು. ನನ್ನನ್ನು ಕೊನೆಗೆ ಎಸೆದರು. "ನಮ್ಮವ್ವ ಒಂಬತ್ತನೇದಾಕಿ!" ಎಂದು ಕಸ್ತೂರಿ ಕೂಗಿದ್ದು ಯಾರಿಗೂ ಕೇಳಲಿಲ್ಲ. ಹನ್ನೆರಡಕ್ಕೆ ಕಿಟಕಿ ಮುಚ್ಚಿತು.

ಬುಧವಾರ ಸರಕಾರಿ ರಜೆ. ಯಾರೂ ಹೇಳಿರಲಿಲ್ಲ. ಮುಚ್ಚಿದ ಕಿಟಕಿಯ ಮುಂದೆ ನಾನೊಂದೇ ಸಾಲು. ಫಕೀರವ್ವ ಅರ್ಧ ದಿನ ಉಪವಾಸ ಕೂತು ಎದ್ದಳು. ಅಂದು ಆಕೆಯ ಕಾಲಿನಿಂದ ವಾಸನೆ ಬರುತ್ತಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಗುರುವಾರ ಮಧ್ಯಾಹ್ನ ಹನ್ನೆರಡಾಗಲು ಹತ್ತು ನಿಮಿಷವಿದ್ದಾಗ ಗವಸಿನ ಕೈ ಫಕೀರವ್ವನ ತೋಳು ಹಿಡಿಯಿತು. ಸೂಜಿ ಇಳಿಯಿತು. ಇಷ್ಟೇ ಇಷ್ಟು ರಕ್ತ. ನನ್ನ ಅಟ್ಟೆ ಕುಡಿದದ್ದರ ಕಾಲು ಭಾಗವೂ ಇಲ್ಲ.

"ರಿಪೋರ್ಟ್ ನಾಕಕ್ಕ" ಎಂದರು ಸಿಸ್ಟರು.

"ಡಾಕ್ಟರು ಎರಡಕ್ಕ ಹೋಗ್ತಾರಲ್ರೀ!" ಎಂದಳು ಕಸ್ತೂರಿ.

"ಹಂಗಾರ ಮುಂದಿನ ಗುರುವಾರ ತೋರಸ್ರಿ."

ಡಾಕ್ಟರನ್ನು ಹಿಡಿಯಲೆಂದು ಕಸ್ತೂರಿ ಅವ್ವನನ್ನು ಎಳೆದುಕೊಂಡು ಓಡಿದಳು. ಆ ಗಡಿಬಿಡಿಯಲ್ಲಿ ನನ್ನನ್ನು ಮರೆತರು. ಹುಸೇನಬಿ ನನ್ನನ್ನು ಬೆಂಚಿನ ಕೆಳಗೆ ತಳ್ಳಿದಳು.

ಇಪ್ಪತ್ತು ದಿನವಾದ ಮೇಲೆ ಗಾಲಿಕುರ್ಚಿಯೊಂದು ಕಿರುಗುಟ್ಟುತ್ತ ಬಂತು. ಬೆಂಚಿನ ಕೆಳಗಿನಿಂದ ಮೊದಲು ಕಂಡದ್ದು ನನ್ನ ಜೋಡಿ, ಬಲಗಾಲ ಚಪ್ಪಲಿ. ಅದರ ಪಕ್ಕದಲ್ಲಿ ನನ್ನ ಜಾಗ ಇರಲಿಲ್ಲ. ಮೊಣಕಾಲಿನ ಕೆಳಗೆ ಸೀರೆ ಸುಮ್ಮನೆ ಜೋತುಬಿದ್ದಿತ್ತು.

"ಅವ್ವಾ, ಇಲ್ಲೇ ಐತಿ ನೋಡು!" ಕಸ್ತೂರಿ ಬಗ್ಗಿ ನನ್ನನ್ನು ಎತ್ತಿಕೊಂಡಳು.

ಫಕೀರವ್ವ ನನ್ನನ್ನು ಈಸಿಕೊಂಡು ತೊಡೆಯ ಮೇಲಿಟ್ಟು, ಮೊಳೆಯ ಮೊನೆಯನ್ನು ಕೈಬೆರಳಿನಿಂದ ಮುಟ್ಟಿದಳು. ಈ ಸಲ ನೋವಾಯಿತು. ಕೈ ಹಿಂದಕ್ಕೆ ತೆಗೆದಳು. ನನ್ನನ್ನು ಕಸ್ತೂರಿಯ ಕೈಗೆ ಮರಳಿ ಕೊಟ್ಟಳು.

"ಅಲ್ಲೇ ಇಡವ್ವ. ಯಾರಿಗರ ಪಾಳಿ ಹಿಡಿಯಾಕ ಬೇಕಾದೀತು."

ಈಗ ನಾನು ಅಲ್ಲೇ ಇದ್ದೇನೆ. ಬರಿಗಾಲಲ್ಲಿ ಬಂದವರು ನನ್ನನ್ನು ಸಾಲಿಗಿಟ್ಟು ಗೋಡೆಗೆ ಒರಗುತ್ತಾರೆ. ಅವರ ರಕ್ತ ತೆಗೆದಾದ ಮೇಲೆ ಬೆಂಚಿನ ಕೆಳಗೆ ಮರಳುತ್ತೇನೆ. ಮೊಳೆ ಹಾಗೇ ಇದೆ. ಯಾರೂ ನನ್ನೊಳಗೆ ಕಾಲಿಡುವುದಿಲ್ಲ. ನನಗೆ ಅಷ್ಟೇ ಸಮಾಧಾನ.