ಸಾಬೂನು ನೆಕ್ಕಿದ ನಾಲಿಗೆ

ಈ ಭೂಮಂಡಲದಲ್ಲಿ ಸಾಬೂನು ಮಾಡುವವರು ಲಕ್ಷಾಂತರ ಜನ ಇರಬಹುದು. ಸಾಬೂನು ಮಾಡಲು ಗೊತ್ತಿರುವವನು ನಾನೊಬ್ಬನೇ. ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾಗಿದ್ದರೆ, ನನ್ನ ಸಾಬೂನಿನಲ್ಲಿ ಮುಖ ತೊಳೆದು ಹತ್ತು ವರ್ಷ ಚಿಕ್ಕವರಾಗಿ, ಹೆಂಡತಿಗೆ ಗುರುತು ಸಿಗದೆ ಬಾಗಿಲ ಹೊರಗೇ ನಿಂತ ಗಂಡಸರ ಕಥೆ ಹೇಳುತ್ತಿದ್ದೆ.

ನನ್ನ ಕಾರ್ಖಾನೆ ಎಂದರೆ ಮನೆಯ ಹಿಂದಿನ ಶೆಡ್ಡು. ಎರಡು ದೊಡ್ಡ ಸ್ಟೀಲ್ ಪಾತ್ರೆ, ಮರದ ಅಚ್ಚುಗಳು, ಬಿಲ್ಲೆ ಕತ್ತರಿಸುವ ತಂತಿ, ಮೂಲೆಯಲ್ಲಿ ಕಾಸ್ಟಿಕ್ ಸೋಡಾದ ಡ್ರಮ್ಮು. ಎಣ್ಣೆಗೆ ಕಾಸ್ಟಿಕ್ ನೀರು ಬೆರೆಸಿ ಕಲಕಿದರೆ ಎರಡೂ ಒಂದನ್ನೊಂದು ತಿಂದುಕೊಂಡು ಸಾಬೂನಾಗುತ್ತವೆ. ಕಾಸ್ಟಿಕ್ ಹೆಚ್ಚಾಗಿ ಸ್ವಲ್ಪ ಹಾಗೇ ಉಳಿಯಿತೋ, ಬಳಸಿದವರ ಚರ್ಮ ಸುಡುತ್ತದೆ. ಉಳಿದಿದೆಯೋ ಇಲ್ಲವೋ ಎಂದು ನೋಡಲು ನಮ್ಮ ಕಸುಬಿನವರ ದಾರಿ ಒಂದೇ: ನಾಲಿಗೆಯ ತುದಿಯನ್ನು ಬಿಲ್ಲೆಗೆ ತಾಗಿಸುವುದು. ಚುರ್ ಎಂದು ಕರೆಂಟು ಹೊಡೆದಂತಾದರೆ ಮಾಲು ಕೆಟ್ಟಿದೆ. ಏನೂ ಆಗದಿದ್ದರೆ ಸರಿಯಿದೆ. ನನ್ನ ನಾಲಿಗೆಯ ಮಾತು ಬಿಡಿ, ಅದು ಪಕ್ಕದ ಬೀದಿಯಲ್ಲಿರುವ ಸಾಬೂನನ್ನು ಕೂತಲ್ಲಿಂದಲೇ ಅಳೆಯುವಂಥದ್ದು.

ಆ ದಿನ ಮಗಳ ಡಿಗ್ರಿಯ ವಿಚಾರ ತೀರ್ಮಾನವಾಗಬೇಕಿತ್ತು. ಯಾವ ವಿಷಯ, ಯಾವ ಕಾಲೇಜು ಎಂದು ಕಂಪ್ಯೂಟರಿನಲ್ಲಿ ಒತ್ತಲು ಸಂಜೆಯವರೆಗೆ ಮಾತ್ರ ಅವಕಾಶ. ನನ್ನ ಯೋಜನೆ ಬಹಳ ಹಿಂದೆಯೇ ಸಿದ್ಧವಾಗಿತ್ತು: ಮನೆಗೆ ಹತ್ತಿರದ ಕಾಲೇಜಿನಲ್ಲಿ ಕೆಮಿಸ್ಟ್ರಿ, ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಶೆಡ್ಡು. ಅವಳ ಆಸೆಯೇ ಬೇರೆ: ರೈಲಿನಲ್ಲಿ ಇಡೀ ದಿನ ಕೂತು ತಲುಪುವ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ಶುರುವಾಯಿತು. ನಾನು, ಹೆಂಡತಿ, ಮಗಳು, ನಮ್ಮ ವ್ಯಾನು ಓಡಿಸುವ ಭಾಮೈದ.

"ಕೆಮಿಸ್ಟ್ರಿ ಅಂದ್ರೆ ಒಂದು ಓದು. ಅದಕ್ಕೆ ಮುಂದೆ ಬಯೋ ಅಂತ ಬಾಲ ಯಾಕೆ?" ಎಂದೆ.

"ಮುಂದೆ ಇದ್ರೆ ಬಾಲ ಹೇಗಾಗುತ್ತೆ ಅಪ್ಪ?" ಎಂದಳು ಮಗಳು. "ಕಾಸ್ಟಿಕ್ ಎಣ್ಣೆಗೆ ಏನು ಮಾಡುತ್ತೆ ಅನ್ನೋದು ಕೆಮಿಸ್ಟ್ರಿ. ಅದೇ ಕಾಸ್ಟಿಕ್ ನಮ್ಮ ಮೈಗೆ ಏನು ಮಾಡುತ್ತೆ ಅನ್ನೋದು ಬಯೋಕೆಮಿಸ್ಟ್ರಿ. ನಂಗೆ ಅದು ಬೇಕು."

"ನಮ್ಮ ಸಾಬೂನು ಮೈಯನ್ನ ಹೊಳೆಯೋ ಹಾಗೆ ಮಾಡುತ್ತೆ. ಮುಗೀತು ಡಿಗ್ರಿ."

"ಭಾವ ಒಂದೇ ಏಟಿಗೆ ಯೂನಿವರ್ಸಿಟಿ ಬಾಗಿಲು ಹಾಕ್ಸಿಬಿಟ್ರು," ಎಂದ ಭಾಮೈದ.

ನಾನು ತುತ್ತು ಬಾಯಿಗಿಟ್ಟೆ. ಎಂದಿನಂತೆ ಸಪ್ಪೆ. "ಏನೇ, ಉಪ್ಪು ಅಂಗಡಿಯಲ್ಲೇ ಮರೆತು ಬಂದ್ಯಾ?"

ಹೆಂಡತಿ ಉಪ್ಪಿನ ಡಬ್ಬಿಯನ್ನು ನನ್ನತ್ತ ತಳ್ಳಿದಳು. ಹಿಂದೆ ಅವಳ ಕೈರುಚಿಗೆ ರಾಜಮಹಾರಾಜರು ಕ್ಯೂ ನಿಲ್ಲಬೇಕಿತ್ತು. ಈಚೆಗೆ ವಯಸ್ಸಾಗಿ ಕೈ ತಪ್ಪುತ್ತಿದೆ ಎಂದು ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ. ನನ್ನ ತಟ್ಟೆಗೆ ಒಂದು ಪಾತ್ರೆಯಿಂದ, ಉಳಿದವರ ತಟ್ಟೆಗೆ ಇನ್ನೊಂದು ಪಾತ್ರೆಯಿಂದ ಬಡಿಸುತ್ತಿದ್ದಳು. ಯಜಮಾನನಿಗೆ ವಿಶೇಷ ಮರ್ಯಾದೆ ಎಂದುಕೊಂಡಿದ್ದೆ.

"ನೋಡು ಮಗಳೇ," ಎಂದೆ, "ಅಷ್ಟು ದೂರ ಹೋಗಿ ನೀನು ಕಲಿಯೋದು ಏನು? ಗಾಜಿನ ನಳಿಗೆ, ಬಣ್ಣದ ನೀರು. ಅವೆಲ್ಲ ಈ ನಾಲಿಗೆ ಮುಂದೆ ಮಂಡಿ ಊರಬೇಕು. ಇದನ್ನ ಸೋಲಿಸೋ ಒಂದೇ ಒಂದು ಸಾಮಾನು ತೋರಿಸು, ನೀನು ಎಲ್ಲಿ ಹೋಗ್ತೀನಿ ಅಂದ್ರೂ ನಾನೇ ಕಳಿಸ್ತೀನಿ."

ಅವಳು ತುತ್ತು ನಿಲ್ಲಿಸಿದಳು. "ನಿಜವಾಗ್ಲೂ?"

"ನಾನು ಯಾವತ್ತು ಸುಳ್ಳು ಹೇಳಿದ್ದೀನಿ?"

ಭಾಮೈದನಿಗೆ ನೆತ್ತಿಗೆ ಹತ್ತಿತು. ಹೆಂಡತಿ ಅವನ ಬೆನ್ನು ತಟ್ಟಿದಳು.

ಊಟವಾದ ಮೇಲೆ ಮಗಳು ಶೆಡ್ಡಿನ ಕಲ್ಲುಮೇಜಿನ ಮೇಲೆ ನಾಲ್ಕು ಬಿಲ್ಲೆ ಸಾಲಾಗಿ ಇಟ್ಟಳು. ಎಲ್ಲದರ ಮೇಲೂ ನನ್ನದೇ ಮುದ್ರೆ. "ಇದ್ರಲ್ಲಿ ಒಂದು ಸುಡುತ್ತೆ. ಯಾವುದು ಹೇಳು."

ಜಗಜಟ್ಟಿ ಅಖಾಡಕ್ಕೆ ಇಳಿಯುವಂತೆ ಬಾಯಿ ಮುಕ್ಕಳಿಸಿ, ಒಂದೊಂದಕ್ಕೂ ನಾಲಿಗೆ ತಾಗಿಸಿದೆ. ಮೊದಲನೆಯದು ಬೆಣ್ಣೆ. ಎರಡನೆಯದು ಬೆಣ್ಣೆ. ಮೂರು, ನಾಲ್ಕು, ಅವೂ ಬೆಣ್ಣೆ. ಇನ್ನೊಂದು ಸುತ್ತು ನೆಕ್ಕಿದೆ.

"ಮೋಸ ಮಾಡ್ತಿದ್ದೀಯ. ನಾಲ್ಕೂ ಸರಿಯಾಗಿವೆ. ಹಸುಗೂಸಿನ ಕೆನ್ನೆಗೆ ಹಚ್ಚಬಹುದು."

ಅವಳ ಮುಖ ಸಣ್ಣದಾಯಿತು. ಸೋತದ್ದಕ್ಕೆ ಎಂದುಕೊಂಡೆ ನಾನು. ಚಿಕ್ಕ ಬಾಟಲಿಯೊಂದನ್ನು ತೆರೆದು, ನೀರಿನಂತೆಯೇ ಕಾಣುವ ಅದರ ದ್ರವವನ್ನು ಪ್ರತಿ ಬಿಲ್ಲೆಯ ಮೇಲೂ ಒಂದೊಂದು ಹನಿ ಬಿಟ್ಟಳು. ಮೂರು ಬಿಲ್ಲೆ ಬೆಳ್ಳಗೇ ಉಳಿದವು. ನಾಲ್ಕನೆಯದರ ಮೇಲೆ ಹನಿ ಬಿದ್ದದ್ದೇ ತಡ, ಕಡು ಗುಲಾಬಿ ಬಣ್ಣ ಚೆಲ್ಲಿಕೊಂಡಿತು.

"ಕಾಸ್ಟಿಕ್ ಉಳಿದಿದ್ರೆ ಹೀಗೆ ಬಣ್ಣ ಬರುತ್ತೆ," ಎಂದಳು. "ಅದನ್ನ ನೀನು ಎರಡು ಸಲ ನೆಕ್ಕಿದೆ ಅಪ್ಪ."

ನನ್ನ ಎದೆ ಧಸಕ್ಕೆಂದಿತು. ಆ ಸದ್ದಿಗೆ ಅಚ್ಚುಗಳು ಅಲುಗಾಡಿದವು ಎಂದರೆ ನೀವು ನಂಬುವುದಿಲ್ಲ. ಭಾಮೈದ ಆ ಬಿಲ್ಲೆಗೆ ನಾಲಿಗೆ ತಾಗಿಸಿದವನೇ ಅಯ್ಯಪ್ಪಾ ಎಂದು ನಲ್ಲಿಗೆ ಓಡಿದ. ಅವನಿಗೆ ಕಚ್ಚಿದ್ದು ನನಗೆ ಬೆಣ್ಣೆಯಾಗಿತ್ತು.

"ಇದು ಯಾವಾಗಿನ ಮಾಲು?" ಎಂದೆ.

"ಬೆಳಿಗ್ಗೆ ನೀನು ನೆಕ್ಕಿ ಸರಿಯಿದೆ ಅಂತ ಕಟ್ಟಿಸಿದ್ದು. ಹೆರಿಗೆ ಆಸ್ಪತ್ರೆಗೆ ಹೋಗಬೇಕಾದ್ದು."

ಮೇಜಿನ ಅಂಚು ಹಿಡಿದುಕೊಂಡೆ. ಹುಟ್ಟಿ ಇನ್ನೂ ಕಣ್ಣು ಬಿಡದ ಕೂಸುಗಳು, ಅವುಗಳ ಮೈಮೇಲೆ ನನ್ನ ಮುದ್ರೆಯ ಸಾಬೂನು. "ಲೋ, ವ್ಯಾನು ಹೋಯ್ತೇನೋ?"

"ಹೇಗೆ ಹೋಗುತ್ತೆ ಭಾವ? ಕೀಲಿ ಅವಳ ಹತ್ರ ಇದೆ," ಎಂದ ಭಾಮೈದ, ನಾಲಿಗೆ ಹೊರಗೆ ಹಾಕಿಕೊಂಡೇ.

ಮಗಳು ಮುಷ್ಟಿ ಬಿಚ್ಚಿದಳು. ಕೀಲಿ ಇತ್ತು.

"ಪ್ರತಿ ಸಲವೂ ಹೀಗೇನಾ?"

"ಅವಳು ಹನಿ ಹಾಕಿ ನೋಡದೆ ಒಂದು ಡಬ್ಬಿನೂ ಗೇಟು ದಾಟಿಲ್ಲ ರೀ," ಎಂದಳು ಹೆಂಡತಿ. "ಕೆಟ್ಟದ್ದನ್ನ ಇವನೂ ನಾನೂ ಸೇರಿ ಕರಗಿಸಿ, ಎಣ್ಣೆ ಹಾಕಿ ಸರಿ ಮಾಡ್ತಿದ್ವಿ. ನಿಮಗೆ ಹೇಳೋ ಧೈರ್ಯ ಯಾರಿಗಿತ್ತು? ನಾಲಿಗೆ, ನಾಲಿಗೆ ಅಂತ ಊರೆಲ್ಲ ಡಂಗುರ ಹೊಡ್ಕೊಂಡು ಬಂದಿದ್ರಿ."

ಅಷ್ಟರಲ್ಲಿ ನನಗೆ ಇನ್ನೊಂದು ಏಟು ತಾನಾಗಿಯೇ ಬಿತ್ತು. "ಹಾಗಾದ್ರೆ ಉಪ್ಪು?"

"ನಿಮ್ಮ ಪಾತ್ರೆಗೆ ಹಾಕೋ ಉಪ್ಪಲ್ಲಿ ಒಂದು ಸಮುದ್ರ ಮಾಡಬಹುದು," ಎಂದಳು. ಉತ್ಪ್ರೇಕ್ಷೆ ನಮ್ಮ ಮನೆಯಲ್ಲಿ ನನ್ನೊಬ್ಬನ ಸೊತ್ತು ಎಂದು ತಿಳಿದಿದ್ದೆ, ಅದೂ ಕೈಬಿಟ್ಟಿತು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಡಾಕ್ಟರ ಹತ್ರ ಬನ್ನಿ ಅಂದ್ರೆ, ಅಡುಗೆ ಕಲಿ ಅಂದ್ರಿ."

ನಾನು ಮೊದಲು ಮಾಡಿದ ಕೆಲಸ ವ್ಯಾನಿನಿಂದ ಡಬ್ಬಿ ಇಳಿಸಿದ್ದು. ಯಾರನ್ನೂ ಮುಟ್ಟಲು ಬಿಡಲಿಲ್ಲ. ಒಂದೊಂದು ಡಬ್ಬಿಯೂ ಬೆಟ್ಟದಷ್ಟು ಭಾರವಿತ್ತು. ಇದೊಂದು ನಾನು ಹಿಗ್ಗಿಸಿ ಹೇಳುತ್ತಿರುವುದಲ್ಲ.

ಕೊನೆಯ ಡಬ್ಬಿಯ ಮೇಲೇ ಕೂತೆ. ಮಗಳು ಪಕ್ಕದಲ್ಲಿ ಬಂದು ನಿಂತಳು.

"ಮತ್ತೆ ಬರುತ್ತಾ ರುಚಿ?"

"ಗೊತ್ತಿಲ್ಲ ಅಪ್ಪ. ರುಚಿ ಹಿಡಿಯೋ ಜೀವಕೋಶಗಳು ನಾಲಿಗೆ ಮೇಲೆ ಹೊಸದಾಗಿ ಹುಟ್ತಾನೇ ಇರ್ತವೆ ಅಂತ ಓದಿದ್ದೀನಿ. ನಿನ್ನವು ಹುಟ್ತಿದ್ರೂ ದಿನಾ ಸುಟ್ಟು ಹೋಗ್ತಿರಬಹುದು. ಅಥವಾ ಬೇರೆ ಏನೋ ಇರಬಹುದು. ಅದು ನಂಗೆ ಈ ಶೆಡ್ಡಲ್ಲಿ ಗೊತ್ತಾಗಲ್ಲ. ಅದಕ್ಕೇ ಆ ಓದು ಕೇಳ್ತಿರೋದು."

"ನೀನು ಹೋದ್ರೆ ಇಲ್ಲಿ ಹನಿ ಹಾಕೋರು ಯಾರು?"

"ಅಮ್ಮನಿಗೆ ಕಲಿಸಿ ಆಗಿದೆ. ನೀನು ನೆಕ್ಕೋದು ನಿಲ್ಲಿಸಬೇಕು, ಅಷ್ಟೇ. ನಾಳೆ ಡಾಕ್ಟರ ಹತ್ರ ಹೋಗಬೇಕು."

ಕತ್ತಲಾಗುವ ಮುಂಚೆ ನಾನೇ ಕಂಪ್ಯೂಟರಿನ ಮುಂದೆ ಕೂತೆ. ಬಯೋಕೆಮಿಸ್ಟ್ರಿ, ದೂರದ ವಿಶ್ವವಿದ್ಯಾಲಯ. ಮೊದಲ ಸಲ ತಪ್ಪು ಕಡೆ ಒತ್ತಿದೆ. ಅವಳು ನನ್ನ ಕೈ ಹಿಡಿದು ಸರಿಯಾದ ಜಾಗಕ್ಕೆ ತಂದಳು. ಒತ್ತಿದೆ.

ಊಟಕ್ಕೆ ಕೂತಾಗ ಹೆಂಡತಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಿ, "ಉಪ್ಪು ಹೇಗಿದೆ?" ಎಂದಳು. ನನಗೆ ಅದು ಬಿಸಿನೀರಿನಂತಿತ್ತು. ಭಾಮೈದನ ಮುಖ ನೋಡಿದೆ, ಮಗಳ ಮುಖ ನೋಡಿದೆ. ಇಬ್ಬರೂ ನೆಮ್ಮದಿಯಿಂದ ಉಣ್ಣುತ್ತಿದ್ದರು.

"ಹದವಾಗಿದೆ," ಎಂದೆ.

ಮರುದಿನ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ಕ್ಷೌರಿಕ ಸಿಕ್ಕಿ, ಮಗಳ ಡಿಗ್ರಿ ಏನಾಯಿತು ಎಂದು ಕೇಳಿದ. ನನ್ನ ನಾಲಿಗೆಯಂಥದ್ದು ಪ್ರಪಂಚದಲ್ಲೇ ಇನ್ನೊಂದು ಇಲ್ಲವೆಂದು ದೊಡ್ಡ ದೊಡ್ಡ ಪ್ರೊಫೆಸರುಗಳು ತಲೆ ಕೆಡಿಸಿಕೊಂಡಿದ್ದಾರೆ, ಅದರ ಗುಟ್ಟು ಬಿಡಿಸಲು ನನ್ನ ಮಗಳೇ ಆಗಬೇಕೆಂದು ಕರೆಸಿಕೊಳ್ಳುತ್ತಿದ್ದಾರೆ ಎಂದೆ.

ಮಗಳು ಪಕ್ಕದಲ್ಲೇ ಇದ್ದಳು. ಇಲ್ಲ ಎನ್ನಲಿಲ್ಲ. ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು.