ಕಂಪ್ಲಿಯಿಂದ ಒಬ್ಬರು

ಸ್ಫೂರ್ತಿ ದಿನಾ ಬೆಳಿಗ್ಗೆ ಚಾ ಕುಡಿಯೋಕಿಂತ ಮೊದಲು ಲ್ಯಾಪ್‌ಟಾಪ್ ತೆಗೆದು ನೋಡ್ತಿದ್ದದ್ದು ಒಂದನ್ನೇ, ಕಂಪ್ಲಿಯಿಂದ ಯಾರಾದ್ರೂ ಬಂದಾರೇನು ಅಂತ. ಮನಿಗಲ್ಲ ಮತ್ತ. ಮನಿಗೆ ಯಾರೂ ಬರಬಾರದು ಅಂತನೇ ಆಕಿ ಮರಿಯಮ್ಮನಹಳ್ಳಿಯಾಗ, ರೇಣುಕಮ್ಮನ ಹೊಲಿಗೆ ಕ್ಲಾಸಿನ ಮ್ಯಾಲಿನ ರೂಮಿನಾಗ ಗಂಡನ ಜೋಡಿ ಅಡಗಿ ಕುಂತಿದ್ಲು. ಆಕಿ ನೋಡ್ತಿದ್ದದ್ದು ವೆಬ್‌ಸೈಟಿಗೆ ಬಂದವರನ್ನ.

ಕಂಪ್ಲಿಯಾಗ ಅವರಪ್ಪ ಕೊಟ್ರಯ್ಯನ ರೈಸ್ ಮಿಲ್ಲು ಐತಿ. ಕಾಲೇಜು ಮುಗಿದ ವರ್ಷ ಅದಕ್ಕ ವೆಬ್‌ಸೈಟ್ ಮಾಡಿಕೊಟ್ಟಾಕಿ ಈಕೀನೇ. ಅದರೊಳಗ ಒಂದು ಅನಲಿಟಿಕ್ಸ್ ಕೋಡ್ ಹಾಕಿದ್ಲು. ಸೈಟಿಗೆ ಯಾವ ಊರಿಂದ ಎಷ್ಟು ಮಂದಿ ಬಂದ್ರು, ಯಾವ ಪುಟ ನೋಡಿದ್ರು ಅಂತ ಲೆಕ್ಕ ಇಡೋದು ಅದು. ಆಮ್ಯಾಲೆ, ಮಿಲ್ಲಿಗೆ ಲೋಡ್ ಒಯ್ಯಾಕ ಬರ್ತಿದ್ದ ಮೆಟ್ರಿ ಊರಿನ ಲಾರಿ ಡ್ರೈವರ್ ಹನುಮೇಶನ್ನ ಮದಿವಿ ಮಾಡಿಕೊಂಡು ಊರು ಬಿಟ್ಲು. ಜಾತಿ ಬ್ಯಾರೆ. ಅಣ್ಣ ವೀರೇಶ ಮಿಲ್ಲಿನ ಅಂಗಳದಾಗ ಹಮಾಲರೆಲ್ಲ ಕೇಳೋಹಂಗ, ಎಲ್ಲಿ ಸಿಗ್ತಾರೋ ಅಲ್ಲೇ ಇಬ್ಬರನ್ನೂ ಮುಗಸ್ತೀನಿ ಅಂದಿದ್ದ. ಸಿಟ್ಟಿನಾಗ ಆಡಿದ ಮಾತು ಮರುದಿನಕ್ಕ ಆರತೈತಿ. ಇವಂದು ವರ್ಷ ಕಳದ್ರೂ ಆರಿರಲಿಲ್ಲ.

ಆಕಿ ಜ್ವಾಕಿಗೇನು ಕಡಿಮಿ ಇರಲಿಲ್ಲ. ಸಿಮ್ ಬದಲು ಮಾಡಿದ್ಲು, ಫೇಸ್‌ಬುಕ್ ಮುಚ್ಚಿದ್ಲು, ಹೊಸಪೇಟೆ ಬಸ್‌ಸ್ಟ್ಯಾಂಡಿನ ಕಡೆ ಸೆರಗು ಹೊದ್ದು ಸೈತ ಹಾಯಲಿಲ್ಲ. ಹೊಟ್ಟಿಪಾಡಿಗೆ ವೆಬ್‌ಸೈಟ್ ಮಾಡಿಕೊಡ್ತಿದ್ಲು. ಹಂಪಿ ಕಡೆ ಒಂದು ಹೋಂಸ್ಟೇಗೆ, ಸಂಡೂರಿನಾಗ ಗುಡ್ಡ ತೋರಿಸೋ ಗೈಡ್ ಒಬ್ಬಂಗ, ಹೊಸಪೇಟೆಯ ಒಂದು ಕಲ್ಯಾಣ ಮಂಟಪಕ್ಕ, ಕಡೀಕ ಕೆಳಗಿನ ರೇಣುಕಮ್ಮನ ಕ್ಲಾಸಿಗೂ. ಯಾವುದರಾಗೂ ತನ್ನ ಹೆಸರಿಲ್ಲ. ಗಿರಾಕಿಗಳ ಜೋಡಿ ಮಾತೆಲ್ಲಾ ಫೋನಿನಾಗ, ಅದೂ ಲಲಿತಾ ಅನ್ನೋ ಸುಳ್ಳು ಹೆಸರಿನ ಮ್ಯಾಲೆ. ಇಷ್ಟು ಶಾಣೆ ಆದಾಕಿ ಒಂದು ಕೆಲಸ ಮಾಡಿದ್ಲು ನೋಡ್ರಿ, ಅದಕ್ಕ ಏನನ್ನಬೇಕೋ ನನಗಂತೂ ತಿಳಿಯಲ್ಲ. ಮಿಲ್ಲಿನ ಸೈಟಿಗೆ ಹಾಕಿದ್ದ ಅದೇ ಕೋಡು, ಅದೇ ಐಡಿ ನಂಬರು, ಈ ಎಲ್ಲಾ ಸೈಟಿಗೂ ಹಾಕಿದ್ಲು.

ಒಂದೇ ಸ್ಕ್ರೀನಿನಾಗ ಎಲ್ಲಾ ಕಾಣ್ತೈತಿ ಅನ್ನೋದು ಆಕಿ ತನಗ ತಾನೇ ಹೇಳಿಕೊಂಡ ನೆಪ. ಖರೇ ಅಂದ್ರ ಆ ಸ್ಕ್ರೀನಿನಾಗ ದಿನಾ ಬೆಳಿಗ್ಗೆ ‘ಕಂಪ್ಲಿ, ಒಬ್ಬರು’ ಅಂತ ಬರ್ತಿತ್ತು. ಆ ಒಬ್ಬರು ಮಿಲ್ಲಿನ ಫೋಟೋ ಪುಟ ತೆಗೆದು ಭಾಳ ಹೊತ್ತು ಸುಮ್ನೆ ಇರ್ತಿದ್ರು. ಆ ಪುಟದಾಗ ಆಯುಧ ಪೂಜೆ ದಿನ ಮಷೀನಿನ ಮುಂದ ಆರತಿ ತಟ್ಟಿ ಹಿಡಕೊಂಡು ನಿಂತ ಸ್ಫೂರ್ತಿ ಇದ್ದಾಳ. ಅವ್ವನೇ ನೋಡ್ತಾಳ ಅಂತ ಈಕಿ ನಂಬಿದ್ಲು. ಅವ್ವ ನೋಡೋವಷ್ಟು ಹೊತ್ತು ಈಕೀನೂ ಸ್ಕ್ರೀನಿನ ಮುಂದ ಕುಂತು, ಆ ಅಂಕಿ ಹೋದಮ್ಯಾಲೆ ಎದ್ದು ಚಾ ಇಡ್ತಿದ್ಲು. ತವರುಮನಿ ಅಂತ ಉಳಿದಿದ್ದು ಆಕಿಗೆ ಅಷ್ಟೇ.

ಅವತ್ತೂ ಕಂಪ್ಲಿ ಬಂತು, ಹೋತು. ಸ್ಫೂರ್ತಿ ಏಳಬೇಕು ಅನ್ನೋದ್ರಾಗ ಮತ್ತ ಬಂತು. ಈ ಸರ್ತಿ ಮಿಲ್ಲಿನ ಸೈಟಿಗಲ್ಲ, ಹಂಪಿ ಹೋಂಸ್ಟೇ ಸೈಟಿಗೆ. ಯಾರೋ ರೂಮು ಹುಡುಕ್ತಿರಬೇಕು ಅಂದ್ಕೊಂಡ್ಲು. ಅಷ್ಟ್ರಾಗ ಸಂಡೂರಿನ ಗೈಡಿನ ಸೈಟಿಗೆ ಕಂಪ್ಲಿಯಿಂದ ಒಬ್ಬರು. ಅಲ್ಲಿಂದ ಕಲ್ಯಾಣ ಮಂಟಪಕ್ಕ.

ರೂಮು, ಗುಡ್ಡ, ಕಲ್ಯಾಣ ಮಂಟಪ ಮೂರನ್ನೂ ಒಂದೇ ಉಸಿರಿನಾಗ ಹುಡುಕೋ ಮನುಷ್ಯ ಯಾವ ಊರಾಗೂ ಇರಲ್ಲ.

ಇಂಟರ್ನೆಟ್ಟಿನಾಗ ಒಂದು ಸಾಧನ ಐತಿ. ಯಾವುದಾದ್ರೂ ಸೈಟಿನ ವಿಳಾಸ ಅದಕ್ಕ ಕೊಟ್ರ ಆ ಸೈಟು ಯಾವ್ಯಾವ ತಂತ್ರಜ್ಞಾನದಿಂದ ಕಟ್ಟಿದ್ದು, ಒಳಗ ಯಾವ್ಯಾವ ಕೋಡ್ ಐತಿ, ಎಲ್ಲಾ ಬಿಚ್ಚಿ ಹೇಳತೈತಿ. ಸ್ಫೂರ್ತಿಗೆ ಅದು ಹೊಸದೇನಲ್ಲ. ದೊಡ್ಡ ದೊಡ್ಡ ಕಂಪನಿಯವರು ಕಟ್ಟಿದ ಸೈಟು ಅದರಾಗ ಹಾಕಿ ನೋಡಿ, ಅಯ್ಯ, ಒಳಗೆಲ್ಲಾ ಪುಕ್ಕಟೆ ಸಾಮಾನೇ ಅದಾವಲ್ಲ ಅಂತ ಗಂಡನ ಮುಂದ ನಗ್ತಿದ್ಲು. ಮಂದಿ ಮನಿ ದ್ವಾಸಿ ತೂತು ಎಣಿಸಿದ್ಲೇ ಹೊರತು ತಮ್ಮನಿ ಹೆಂಚು ನೋಡ್ಕೊಂಡಿರಲಿಲ್ಲ. ಈಗ ಮಿಲ್ಲಿನ ಸೈಟಿನ ವಿಳಾಸ ಅದಕ್ಕ ಹಾಕಿದ್ಲು.

ಎಲ್ಲಾ ಬಂತು. ಯಾವುದರಿಂದ ಕಟ್ಟಿದ್ದು, ಎಲ್ಲಿ ಇಟ್ಟಿದ್ದು, ಆಮ್ಯಾಲೆ ಆ ಅನಲಿಟಿಕ್ಸ್ ಐಡಿ. ಅದರ ಕೆಳಗ, ಇದೇ ಐಡಿ ಇರೋ ಬ್ಯಾರೆ ಸೈಟುಗಳು ಅಂತ. ಮೊದಲು ಹಂಪಿ ಹೋಂಸ್ಟೇ, ಆಮ್ಯಾಲೆ ಸಂಡೂರು ಗೈಡ್, ಆಮ್ಯಾಲೆ ಕಲ್ಯಾಣ ಮಂಟಪ. ಕಂಪ್ಲಿಯಾಂವ ಹೊಂಟಿದ್ದು ಇದೇ ಸಾಲು ಹಿಡಕೊಂಡು. ಕಡೀಕ ಉಳಿದಿದ್ದು ರೇಣುಕಮ್ಮನ ಹೊಲಿಗೆ ಕ್ಲಾಸು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರ ಲೋಕಕ್ಕೆಲ್ಲಾ ಕತ್ತಲಾಗತೈತೇನು? ಆಕಿ ಹೆಸರು ಮುಚ್ಚಿಟ್ಟಿದ್ದು ಹಂಗ ಆಗಿತ್ತು.

ಜಲ್ದಿ ಜಲ್ದಿ ಒಂದೊಂದೇ ಸೈಟಿನ ಒಳಗ ಹೋಗಿ ಆ ಕೋಡ್ ತೆಗದ್ಲು. ತೆಗೆದು ಮತ್ತ ಆ ಸಾಧನದಾಗ ನೋಡಿದ್ರ ಹಂಗೇ ತೋರಸ್ತಿತ್ತು. ಅದು ಇವತ್ತಿಂದು ಅಷ್ಟೇ ಹೇಳಲ್ಲ, ಹಿಂದ ಯಾವಾಗ ಏನಿತ್ತು ಅನ್ನೋದನ್ನೂ ನೆನಪಿಟ್ಟಿರತೈತಿ. ಅಳಿಸಿದ್ದು ಅಳಿಸಿದಂಗ ಆಗಲೇ ಇಲ್ಲ. ರೇಣುಕಮ್ಮನ ಸೈಟು ಒಂದು ಇನ್ನೂ ಬಾಕಿ ಇತ್ತು. ಅದಕ್ಕ ಕೈ ಹಾಕೋದ್ರಾಗ ಸ್ಕ್ರೀನಿನ ಮ್ಯಾಲೆ ಬಂತು. ಹೊಲಿಗೆ ಕ್ಲಾಸು, ಕಂಪ್ಲಿಯಿಂದ ಒಬ್ಬರು.

ಆ ಒಬ್ಬರು ಫೀಸು ನೋಡಲಿಲ್ಲ, ಬ್ಲೌಸಿನ ಡಿಸೈನ್ ನೋಡಲಿಲ್ಲ. ನೆಟ್ಟಗ ‘ನಮ್ಮಲ್ಲಿಗೆ ಬರುವ ದಾರಿ’ ಅನ್ನೋ ಪುಟಕ್ಕ ಹೋದ್ರು. ಅದರಾಗ ಮ್ಯಾಪು ಐತಿ, ಬಾಗಿಲ ಫೋಟೋ ಐತಿ, ಪಕ್ಕದಾಗ ಈಕಿ ರೂಮಿನ ಮೆಟ್ಟಿಲೂ ಕಾಣ್ತಾವ. ಕ್ಲಾಸಿಗೆ ಹುಡಿಗ್ಯಾರು ದಾರಿ ತಪ್ಪಬಾರದು ಅಂತ ಸ್ವಂತ ಕೈಲೆ ತೆಗೆದ ಫೋಟೋ. ಸ್ಫೂರ್ತಿ ಅದನ್ನ ದಿಟ್ಟಿಸಿ ನೋಡಿಕೋತ ಕುಂತ್ಲು. ಆ ಅಂಕಿ ಅಲ್ಲಿ ಇರೋತನಕ ಅಣ್ಣ ಮಿಲ್ಲಿನ ಆಫೀಸಿನಾಗ ಇದ್ದಾನ ಅಂತ ಅರ್ಥ, ಅಷ್ಟು ಧೈರ್ಯ. ನೋಡ್ತಿದ್ದಂಗ ಅಂಕಿ ಹೋತು. ಈಗ ಆತ ಎಲ್ಲದಾನ ಅನ್ನೋದು ಆಕಿಗೆ ಗೊತ್ತಿಲ್ಲ.

ಹನುಮೇಶಂಗ ಫೋನ್ ಹಚ್ಚಿದ್ರ ಸಿಗಲಿಲ್ಲ. ಆತ ಸಂಡೂರಿನ ಗುಡ್ಡದ ಕಡೆ ಲೋಡಿಗೆ ಹೋಗಿದ್ದ. ಹಚ್ಚಿ ಹಚ್ಚಿ ಅಂತೂ ಸಿಕ್ಕಾಗ ಆತ, ಬಾಗಿಲು ಹಾಕ್ಕೊಂಡಿರು, ಖಾಲಿ ಗಾಡಿನೇ ತಗೊಂಡು ಬರ್ತೀನಿ ಅಂದ. ಹನುಮೇಶ ಹಂಗೇ. ದಾರ್ಯಾಗ ಯಾರದೋ ಬೈಕು ಬಿದ್ದಿದ್ರೂ ಲಾರಿ ನಿಲ್ಲಿಸಿ ಇಳಿಯೋ ಮನುಷ್ಯ, ಹಿಂದಿನವರು ಹಾರನ್ ಬಡಕೊಂಡು ಸತ್ರೂ ಕೇಳಲ್ಲ. ಸ್ಫೂರ್ತಿ ಬಾಗಿಲು ಹಾಕಿ, ಬಟ್ಟಿ ಬರಿ ಒಂದು ಬ್ಯಾಗಿಗೆ ತುರುಕಿ, ಕದಕ್ಕ ಬೆನ್ನು ಕೊಟ್ಟು ಕುಂತ್ಲು. ಕೆಳಗ ಹೊಲಿಗಿ ಮಷೀನುಗಳು ಓಡ್ತಿದ್ವು. ಒಂದು ಮಷೀನು ನಿಂತ್ರ ಯಾರೋ ಬಂದ್ರು ಅಂತ ಕದಕ್ಕ ಕಿವಿ ಹಚ್ಚೋಳು, ಮತ್ತ ಓಡಿದ್ರ ಸರಿದು ಕೂಡೋಳು.

ಆಮ್ಯಾಲೆ ಎಲ್ಲಾ ಮಷೀನೂ ಒಮ್ಮೆಲೇ ನಿಂತವು. ಮೆಟ್ಟಿಲ ಮ್ಯಾಲೆ ಹೆಜ್ಜಿ ಸಪ್ಪಳ. ಸ್ಫೂರ್ತಿ ಅಡಿಗಿ ಕಟ್ಟಿ ಮ್ಯಾಲಿನ ಈಳಿಗಿ ಮಣಿ ಕೈಗೆ ತಗೊಂಡ್ಲು. ಅದನ್ನ ಎತ್ತಾಕ ತನ್ನ ಕೈಲಿ ಆಗಲ್ಲ ಅನ್ನೋದು ಆಕಿಗೇ ಗೊತ್ತಿತ್ತು.

“ಕದ ತೆಗಿಯವ್ವ, ನಾನು.”

ಅವ್ವ ಪಂಪಮ್ಮ. ಮೈಯೆಲ್ಲಾ ಬೆವತು, ಬಸ್ಸಿನ ಧೂಳು ಮಕದ ಮ್ಯಾಲೆ ಹಂಗೇ ಇತ್ತು. ಸ್ಫೂರ್ತಿ ಈಳಿಗಿ ಬಿಸಾಕಿ ಅವ್ವನ್ನ ತಬ್ಬಿಕೊಂಡು ಅತ್ಲು. ಅವ್ವ ಕ್ಷಮಿಸಿ ಕರಕೊಂಡು ಹೋಗಾಕ ಬಂದಾಳ, ಸ್ಕ್ರೀನಿನ ಮ್ಯಾಲೆ ಬಂದಿದ್ದೆಲ್ಲಾ ಅವ್ವನೇ, ತಾನು ಸುಮ್ನೆ ಅಂಜಿದ್ದು ಅನ್ನಿಸಿ ಜೀವಕ್ಕ ಹಾಯ್ ಅನ್ನಿಸ್ತು. ದಿನಾ ನನ್ನ ಫೋಟೋ ನೋಡ್ತೀಯಲ್ಲ, ನನಗ ಗೊತ್ತಾಗ್ತಿತ್ತು ಅಂದ್ಲು.

ಪಂಪಮ್ಮ ಮಗಳ ಕೈ ಬಿಡಿಸಿಕೊಂಡ್ಲು. “ನನಗ ಅದನ್ನ ತೆಗಿಯಾಕ ಎಲ್ಲಿ ಬರತೈತವ್ವ? ದಿನಾ ನೋಡಾಂವ ವೀರೇಶ. ನಿನ್ನ ಫೋಟೋ ಮುಂದ ಇಟ್ಕೊಂಡು ಹಲ್ಲು ಕಡೀತಾನ.”

ಆಮ್ಯಾಲೆ ಆಕಿ ನಿಂತಲ್ಲೇ ಎಲ್ಲಾ ಹೇಳಿದ್ಲು. ಮಿಲ್ಲಿನ ಸೈಟು ಹಳೇದಾತು ಅಂತ ಹೊಸದು ಮಾಡಾಕ ಮುರುಗೇಶ ಅನ್ನೋ ಒಬ್ಬ ಹುಡುಗ ನಿನ್ನೆ ಬಂದಿದ್ದನಂತ. ಅದನ್ನ ಯಾವುದರಿಂದ ಕಟ್ಯಾರ ನೋಡೂಣು ಅಂತ ಆತ ಏನೋ ತೆಗೆದು ನೋಡಿ, ಇದನ್ನ ಮಾಡಿದವರೇ ಇನ್ನೂ ನಾಕಾರು ಸೈಟು ಮಾಡ್ಯಾರ ನೋಡ್ರಿ, ಎಲ್ಲಾ ಒಂದೇ ಕೈ ಅಂದನಂತ. ಆ ಹುಡುಗಂಗ ಏನೂ ಗೊತ್ತಿಲ್ಲ ಪಾಪ, ಕೆಲಸದ ಮಾತು ಆಡಿದ. ವೀರೇಶ ಆತಂಗ ಚಾ ಕುಡಿಸಿ ಕಳಿಸಿ, ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಇಬ್ಬರು ದೋಸ್ತರನ್ನ ಫೋನ್ ಮಾಡಿ ಕರೆದು, ಅವರು ಬರೋದನ್ನ ಕಾಯಕೋತ ಕುಂತ. ಕಣ್ಣಿನ ಡಾಕ್ಟ್ರ ಹತ್ರ ಹೋಗ್ತೀನಿ ಅಂತ ಸುಳ್ಳು ಹೇಳಿ ಪಂಪಮ್ಮ ಅದೇ ಹೊತ್ತಿಗೆ ಬಸ್ಸು ಹತ್ತಿದ್ಲು. ಆ ಹುಡುಗ ಓದಿ ಹೇಳಿದ ಸೈಟುಗಳೊಳಗ ಮರಿಯಮ್ಮನಹಳ್ಳಿಯಾಗ ಹೆಣ್ಣುಮಕ್ಕಳು ಹೊಲಿಗಿ ಕಲಿಯೋ ಜಾಗ ಒಂದು ಐತಿ ಅನ್ನೋದು ಕಿವಿಗೆ ಬಿದ್ದ ಕೂಡ್ಲೆ, ನನ್ನ ಮಗಳು ಇದ್ರ ಇಲ್ಲೇ ಇರತಾಳ ಅಂತ ಆಕಿಗೆ ಅನ್ನಿಸಿತ್ತು.

“ನನಗ ಹೊಳೆದದ್ದು ಅವಂಗ ಹೊಳಿಯಲ್ಲೇನು? ಏಳು, ಹೋಗು. ಎಲ್ಲಿಗೆ ಅಂತ ನನಗೂ ಹೇಳಬ್ಯಾಡ.”

ನೀನೂ ಬಾ ಅಂದ್ಲು ಸ್ಫೂರ್ತಿ. ಪಂಪಮ್ಮ ಒಪ್ಪಲಿಲ್ಲ. ರೂಮು ಖಾಲಿ ಕಂಡ್ರ ಈಗಷ್ಟೇ ಹೋಗ್ಯಾರ ಅಂತ ಬೆನ್ನು ಹತ್ತತಾನ, ನಾನು ಕುಂತಿದ್ರ ಒಂದೀಟು ಹೊತ್ತು ನನ್ನ ಜೋಡಿ ಬಡದಾಡತಾನ ಅಂದ್ಲು. ಕೆಳಗ ರೇಣುಕಮ್ಮ ಹುಡಿಗ್ಯಾರನ್ನೆಲ್ಲಾ ಮನಿಗೆ ಕಳಿಸಿ, ಪೊಲೀಸರಿಗೆ ಫೋನ್ ಮಾಡಿದ್ಲು. ಬರ್ತೀವಿ ಅಂದ್ರಂತ. ಪಂಪಮ್ಮ ಮೆಟ್ಟಿಲ ಬುಡಕ್ಕ ಕುಂತು ಒಂದು ತಂಬಿಗಿ ನೀರು ಕೇಳಿ ಇಸಕೊಂಡ್ಲು. ನೀರು ಕುಡಿಯುವಾಗೂ ಆಕಿ ಕಣ್ಣು ಓಣಿಯ ತುದಿ ಬಿಡದ್ದನ್ನ ಸ್ಫೂರ್ತಿ ನೋಡಿದ್ಲು. ಅವ್ವಗೂ ಮಗನ ಅಂಜಿಕಿ ಐತಿ.

ಅಷ್ಟ್ರಾಗ ಹನುಮೇಶನ ಫೋನ್ ಬಂತು, ಅವ್ವ ಬಂದಾಳ, ಇಳಿದು ಬರ್ತೀನಿ ಅಂದ್ಲು ಸ್ಫೂರ್ತಿ. ಆತನ ಲಾರಿ ಓಣಿಯೊಳಗ ಬರಲ್ಲ, ಮೇನ್ ರೋಡಿಗೆ ನಿಂತಿತ್ತು. ಸ್ಫೂರ್ತಿ ಸೆರಗು ಹೊದ್ದು, ಹಿಂದ ತಿರುಗಿ ನೋಡದಂಗ ನಡೆದು, ಕ್ಯಾಬಿನ್ ಹತ್ತಿ ಸೀಟಿನ ಹಿಂದ ಮಲಗೋ ಜಾಗಕ್ಕ ಸರಿದ್ಲು. ಲಾರಿ ಗೇರು ಬಿದ್ದು ಹೊಂಡೋದಕ್ಕೂ ಎದುರಿಗೆ ಹೊಸಪೇಟೆ ಕಡೆಯಿಂದ ಒಂದು ಬಿಳಿ ಬೊಲೆರೊ ಬರೋದಕ್ಕೂ ಸರಿಹೋತು. ಮುಂದಿನ ಸೀಟಿನಾಗ ವೀರೇಶ. ಫೋನು ನೋಡಿ ದಾರಿ ಹೇಳ್ತಿದ್ದ, ಲಾರಿ ಕಡೆ ಕಣ್ಣೆತ್ತಲಿಲ್ಲ. ಬೊಲೆರೊ ಓಣಿಗೆ ತಿರುಗಿತು.

ಹನುಮೇಶ ಅದನ್ನ ಕನ್ನಡಿಯಾಗ ನೋಡಿದ. ಲಾರಿ ನಿಧಾನ ಆತು.

“ಅವ್ವ ಬಂದಾಳ ಅಂದಿಯಲ್ಲ ಫೋನಿನಾಗ. ಬಸ್ಸು ಹತ್ತಿದ್ಲಾ?”

ಇಲ್ಲ ಅಂದ್ರ ಗಾಡಿ ತಿರುಗಸ್ತಾನ. ತಿರುಗಿಸಿದ್ರ ಈತನ್ನ ಆ ಓಣಿಯಾಗೇ ಮುಗಿಸಿಬಿಡತಾರ. ಸ್ಫೂರ್ತಿ ಗಂಡನ ಬೆನ್ನು ನೋಡಿದ್ಲು, ಸ್ಟೇರಿಂಗ್ ಮ್ಯಾಲಿನ ಆತನ ಕೈ ನೋಡಿದ್ಲು.

“ಹೂಂ,” ಅಂದ್ಲು, “ಹತ್ತಿದ್ಲು. ನೀ ಜೋರು ಹೊಡಿ.”